ಎರಡನೆಯ ಬೀಗ

ಬೀಗದ ಮೇಲೆ ಅಂಟಿಸಿದ್ದ ತನ್ನ ಫೋಟೋ ನೋಡಿದಾಗಲೆಲ್ಲ, ಯಾವುದೋ ಕಳವಿನ ಕೇಸಿನಲ್ಲಿ ಸಿಕ್ಕಿಬಿದ್ದವನ ಮುಖ ಇದು ಎಂದು ಅವನಿಗೆ ಅನ್ನಿಸುತ್ತಿತ್ತು. ಆ ದಿನ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಬೂಟಿನ ದಾರ ಬಿಗಿಯುತ್ತಿದ್ದಾಗ ಜೇಬಿನಿಂದ ಜಾರಿದ ಆ ಕೆಂಪು ಬೀಗ ಮುಖ ಮೇಲಾಗಿ ಬಿದ್ದು ಅವನನ್ನೇ ದಿಟ್ಟಿಸಿತು. ಅದನ್ನು ಅವನು ಎತ್ತಿಕೊಂಡು, ಫೋಟೋ ಕಾಣದಂತೆ ತಿರುಗಿಸಿ ಮತ್ತೆ ಜೇಬಿಗಿಳಿಸಿದ. ಪರದೇಶದ ಈ ಲಿಫ್ಟು ರಿಪೇರಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಅಲ್ಲಿನ ಮುಖ್ಯಸ್ಥೆ ಅದನ್ನು ಕೈಗಿತ್ತು, ಶಾಲೆಯ ಮೊದಲ ದಿನದ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ್ದರು: ಒಂದು ಲಿಫ್ಟಿನ ಮೇಲೆ ಎಷ್ಟು ಜನ ಕೆಲಸ ಮಾಡುತ್ತಾರೋ ಅಷ್ಟು ಬೀಗ ಮೇನ್ ಸ್ವಿಚ್ಚಿನ ಮೇಲೆ ಬೀಳಬೇಕು, ಅವರವರ ಬೀಗವನ್ನು ಅವರವರೇ ಹಾಕಬೇಕು, ಅವರವರೇ ತೆಗೆಯಬೇಕು, ಕೊನೆಯ ಬೀಗ ಬಿಚ್ಚುವವರೆಗೆ ಕರೆಂಟು ಹರಿಯಕೂಡದು. ಅವನು ತಲೆಯಾಡಿಸಿದ್ದ. ಇಪ್ಪತ್ತು ವರ್ಷ ಲಿಫ್ಟುಗಳ ಹೊಟ್ಟೆಯೊಳಗೇ ಬದುಕಿದವನಿಗೆ ಇದೆಂಥ ಪಾಠ ಎಂದು ಒಳಗೊಳಗೇ ನಕ್ಕಿದ್ದ ಕೂಡ.

ಅವನು ಕೆಲಸ ಕಲಿತ ಕಡೆ ಬೀಗವಿರಲಿಲ್ಲ, ಚಪ್ಪಲಿಯಿತ್ತು. ಮಹಡಿಯ ಮೇಲಿನ ಮೋಟಾರು ಕೋಣೆಯ ಹೊಸ್ತಿಲಲ್ಲಿ ಮಾವ ತನ್ನ ಹಳೆಯ ಚಪ್ಪಲಿಗಳನ್ನು ಬಿಟ್ಟರೆಂದರೆ ಲಿಫ್ಟಿನೊಳಗೆ ಆಳು ಇದ್ದಾನೆ ಎಂದರ್ಥ. ಆ ಚಪ್ಪಲಿ ದಾಟಿ ಸ್ವಿಚ್ಚು ಮುಟ್ಟುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮಾವನೆಂದರೆ ಅಮ್ಮನ ಅಣ್ಣ, ಹೆಂಡತಿಯ ಅಪ್ಪ, ಜೊತೆಗೆ ವಿದ್ಯೆ ಕೊಟ್ಟ ಗುರು, ಮೂರೂ. ಅವರೊಬ್ಬರ ಚಪ್ಪಲಿಯಿದ್ದರೆ ಎಲ್ಲರದೂ ಇದ್ದ ಹಾಗೆ. ಅದರ ಪಕ್ಕದಲ್ಲಿ ತನ್ನದನ್ನೂ ಬಿಡುವುದೆಂದರೆ, ಅಣ್ಣ ಕೊಟ್ಟ ಚಿಲ್ಲರೆಯನ್ನು ಅವನ ಕಣ್ಣೆದುರೇ ಎಣಿಸಿಕೊಂಡ ಹಾಗೆ. ಇಲ್ಲಿಗೆ ಬಂದ ಮೊದಲ ವಾರ, ಅಭ್ಯಾಸಬಲ ಎನ್ನುವುದು ಮೂಗುದಾರವಿದ್ದಂತೆ, ಅವನು ಮೋಟಾರು ಕೋಣೆಯ ಹೊರಗೆ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲೇ ಒಳಗೆ ಹೋಗಿದ್ದ. ಜೊತೆಯ ಕೆಲಸಗಾರ ಆ ಬೂಟುಗಳನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಒಳಗೆ ತಂದಿಟ್ಟು, "ಇದು ನಿಮ್ಮ ದೇವಸ್ಥಾನ ಅಲ್ಲ" ಎಂದಿದ್ದ. ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಆದರೂ ಅದು ಅವನೊಳಗೆ ಮುಳ್ಳಿನ ತುದಿ ಮುರಿದು ಉಳಿದ ಹಾಗೆ ಉಳಿದಿತ್ತು.

ಅಡುಗೆಮನೆಯಲ್ಲಿ ಬೇಕರಿಯಣ್ಣ ರಾತ್ರಿಪಾಳಿ ಮುಗಿಸಿ ಬಂದು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಒಂದೇ ಭಾಷೆಯವರೆಂಬ ಒಂದೇ ಕಾರಣಕ್ಕೆ ಕೋಣೆ ಹಂಚಿಕೊಂಡವರು ಇಬ್ಬರೂ. ಒಬ್ಬ ಮಲಗುವ ಹೊತ್ತಿಗೆ ಇನ್ನೊಬ್ಬ ಏಳುತ್ತಿದ್ದುದರಿಂದ ಜಗಳಕ್ಕೆ ಪುರಸೊತ್ತೇ ಸಿಕ್ಕಿರಲಿಲ್ಲ.

"ಏನಯ್ಯಾ ಲಿಫ್ಟು, ಇವತ್ತು ಮೇಲಕ್ಕೋ ಕೆಳಕ್ಕೋ?" ಎಂದ ಬೇಕರಿಯಣ್ಣ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ.

"ಮಧ್ಯಾಹ್ನ ಗೊತ್ತಾಗತ್ತೆ ಅಣ್ಣ. ಮುಖ್ಯಸ್ಥೆ ಬಂದು ನೋಡ್ತಾರಂತೆ. ಪಾಸ್ ಮಾಡಿದ್ರೆ ಎರಡು ವರ್ಷ ಇಲ್ಲೇ. ಇಲ್ಲಾಂದ್ರೆ ಪೆಟ್ಟಿಗೆ ಕಟ್ಟು ಅಂತಾರೆ."

"ಕಟ್ಟು ಅನ್ನೋದಕ್ಕೆ ಮೊದಲು ಬಿಚ್ಚಿರಬೇಕಲ್ಲೋ! ಬಂದು ಮೂರು ತಿಂಗಳಾಯ್ತು, ನಿನ್ನ ಸೂಟ್‌ಕೇಸು ಇನ್ನೂ ಮಂಚದ ಕೆಳಗೆ ಹಾಗೇ ತುಂಬಿ ಕೂತಿದೆ. ದಿನಾ ಅದರಿಂದ ಅಂಗಿ ತೆಗೀತೀಯ, ಒಗೆದು ಮತ್ತೆ ಅದಕ್ಕೇ ಇಡ್ತೀಯ. ಇದೇನು ಮನೇನೋ, ಬಸ್ ಸ್ಟಾಂಡೋ?"

ಅವನು ಬಾಗಿಲ ಕಡೆ ನಡೆದ. ಸೂಟ್‌ಕೇಸಿನ ವಿಷಯ ಬೇಕರಿಯಣ್ಣನ ಕಣ್ಣಿಗೆ ಬಿದ್ದಿದೆ ಎಂಬುದೇ ಅವನಿಗೆ ಬಟ್ಟೆಯಿಲ್ಲದೆ ನಿಂತ ಹಾಗಾಯಿತು. ಮನೆಯ ಕಡೆಯವರು ಅವನಿಗಿಟ್ಟ ಹೆಸರು ಅರ್ಧದಾರಿ. ಹದಿಹರೆಯದಲ್ಲಿ ಪಂದ್ಯ ಕಟ್ಟಿ ಕೆರೆಗೆ ಹಾರಿ, ನಡುಮಧ್ಯದವರೆಗೆ ಈಜಿ, ಇನ್ನು ನನ್ನ ಕೈಲಾಗದು ಎಂದು ಅಷ್ಟೇ ದೂರ ವಾಪಸು ಈಜಿ ಬಂದವನು ಅವನು. ದಡದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಈಗ ಅರ್ಧ ಜನ ಸತ್ತಿದ್ದಾರೆ, ಹೆಸರು ಮಾತ್ರ ಗಟ್ಟಿಯಾಗಿದೆ. ಟೈಪಿಂಗ್ ಕ್ಲಾಸು ಅರ್ಧ, ರಾತ್ರಿ ಕಾಲೇಜು ಅರ್ಧ, ಭಾವನ ಜೊತೆ ಶುರುಮಾಡಿದ ಅಂಗಡಿ ಅರ್ಧ. ಪರದೇಶಕ್ಕೆ ಹೊರಟಾಗ ಭಾವ ಎಲ್ಲರೆದುರೇ, "ಬೀಳ್ಕೊಡೋಕೆ ಇಷ್ಟು ಜನ ಯಾಕ್ರೀ, ಇವನು ವಿಮಾನದಿಂದಾನೂ ಅರ್ಧದಾರೀಲಿ ಇಳಿದು ಬರ್ತಾನೆ" ಎಂದಿದ್ದ. ಹೆಂಡತಿ ನಕ್ಕಿರಲಿಲ್ಲ. ಅವಳು ನಗದೆ ಇದ್ದದ್ದೇ ಅವನನ್ನು ಇಷ್ಟು ದಿನ ಇಲ್ಲಿ ಹಿಡಿದು ನಿಲ್ಲಿಸಿತ್ತು.

"ಈ ಸಲ ಬಿಡಲ್ಲ ಅಣ್ಣ," ಎಂದ, ಬಾಗಿಲಲ್ಲಿ ನಿಂತು.

"ನನಗೇನು ಹೇಳ್ತೀಯ, ನಿನ್ನ ಸೂಟ್‌ಕೇಸಿಗೆ ಹೇಳು," ಎಂದು ಬೇಕರಿಯಣ್ಣ ಆಕಳಿಸಿದ.

ಜೊತೆಯ ಕೆಲಸಗಾರನನ್ನು ಅವನು ಮನಸ್ಸಿನಲ್ಲೇ ಕೊಕ್ಕರೆ ಎಂದು ಕರೆಯುತ್ತಿದ್ದ. ಉದ್ದನೆಯ ಕಾಲು, ಮುಂದಕ್ಕೆ ಚಾಚಿದ ಕತ್ತು, ಮೆಟ್ಟಿಲ ಮೇಲೆ ಕೂಡ ನೀರಿನಲ್ಲಿ ನಡೆದಂತೆ ನೋಡಿ ನೋಡಿ ಇಡುವ ಹೆಜ್ಜೆ. ಮೊದಮೊದಲು ಅವನು ಕೊಕ್ಕರೆಯ ಉಪಕರಣದ ಚೀಲವನ್ನು ಹೊರಲು ಹೋದಾಗ, "ನನ್ನ ಚೀಲ ನನ್ನದು" ಎಂದು ಕೊಕ್ಕರೆ ಅದನ್ನು ಕೈಯಿಂದ ಕಿತ್ತುಕೊಂಡಿದ್ದ. ಕೊಕ್ಕರೆ ಬಂದಾಗ ಇವನು ಕುರ್ಚಿಯಿಂದ ಎದ್ದು ನಿಂತು, "ಎಲ್ಲಿಗೆ ಹೊರಟೆ?" ಎಂದು ಕೇಳಿಸಿಕೊಂಡಿದ್ದ. ಗೌರವವನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಮದುವೆಮನೆಯಲ್ಲಿ ಉಡುಗೊರೆ ಹಿಡಿದು ಅತ್ತಿತ್ತ ನೋಡುವ ನೆಂಟನ ಹಾಗೆ ಅವನು ದಿನಗಳನ್ನು ಕಳೆದ. ಆದರೆ ಕಳೆದ ತಿಂಗಳು ಕೊಕ್ಕರೆ ತನ್ನ ಬ್ರೆಡ್ಡಿನ ಅರ್ಧವನ್ನು ಮುರಿದು ಇವನ ಮುಂದೆ ಸರಿಸಿ, ಆಸ್ಪತ್ರೆಯಲ್ಲಿದ್ದ ಮಗಳ ಫೋಟೋ ತೋರಿಸಿದ್ದ. ಅಂದಿನಿಂದ ಇವನ ಮನಸ್ಸಿನಲ್ಲಿ ಕೊಕ್ಕರೆ ಅಣ್ಣನ ಸ್ಥಾನಕ್ಕೆ ಏರಿದ. ಅದೇ ದಿನದಿಂದ, ಯಾರೂ ನೋಡದಿದ್ದಾಗ, ಬೀಗ ಹಾಕುವುದೂ ತಪ್ಪತೊಡಗಿತು.

ಅಂದಿನ ಕೆಲಸ ಆರು ಮಹಡಿಯ ಒಂದು ಹಳೆಯ ವಸತಿ ಕಟ್ಟಡದಲ್ಲಿ. ಬಾಗಿಲಿನ ಸವೆದ ಉರುಳೆಗಳನ್ನು ಬದಲಿಸಿ, ಲಿಫ್ಟಿನ ತಳದ ಗುಂಡಿಯನ್ನು ಸ್ವಚ್ಛಮಾಡಿ, ಓಡಿಸಿ ನೋಡಿ ಒಪ್ಪಿಸಬೇಕು. ಮಧ್ಯಾಹ್ನ ಮುಖ್ಯಸ್ಥೆ ಅಲ್ಲಿಗೇ ಬಂದು ನೋಡುವವರಿದ್ದರು. ಕೊಕ್ಕರೆ ಮೋಟಾರು ಕೋಣೆಯಲ್ಲಿ ಮೇನ್ ಸ್ವಿಚ್ಚು ಇಳಿಸಿ, ತನ್ನ ಬೀಗ ಹಾಕಿ, "ನಿನ್ನದು ಹಾಕಿ ಬಾ" ಎಂದು ಹೇಳಿ ಮೆಟ್ಟಿಲಿಳಿದ. ಸ್ವಿಚ್ಚಿನ ಮುಂದೆ ಅವನೊಬ್ಬನೇ ನಿಂತ. ಜೇಬಿನಿಂದ ತೆಗೆದ ಬೀಗ ಕೈಯಲ್ಲಿ ಬೆಚ್ಚಗಿತ್ತು. ಎದುರಿಗೆ ಕೊಕ್ಕರೆಯ ಬೀಗ ತೂಗುತ್ತಿತ್ತು. ಅದರ ಮೇಲಿನ ಫೋಟೋದಲ್ಲಿ ಕೊಕ್ಕರೆ, ಮಗಳ ಕಾಯಿಲೆಗಿಂತ ಮೊದಲಿನ ದುಂಡು ಕೆನ್ನೆಯಲ್ಲಿ, ನಗುತ್ತಿದ್ದ. ಆ ನಗುವಿನ ಪಕ್ಕದಲ್ಲಿ ತನ್ನ ಕಳ್ಳಮುಖವನ್ನು ನೇತುಹಾಕುವುದೇ? ನೀನಿದ್ದರೂ ನನಗೆ ಧೈರ್ಯವಿಲ್ಲ ಎಂದು ಅಣ್ಣನ ಮುಖಕ್ಕೆ ಹೇಳಿದಂತಾಗದೇ? ಮಾವ ಏನೆನ್ನುತ್ತಿದ್ದರು? ಒಂದು ಬೀಗಕ್ಕೆ ನಿಲ್ಲದ ಕರೆಂಟು ಎರಡಕ್ಕೆ ನಿಲ್ಲುತ್ತದೆಯೇನೋ ಎನ್ನುತ್ತಿದ್ದರು. ಅವನು ಬೀಗವನ್ನು ಮತ್ತೆ ಜೇಬಿಗಿಳಿಸಿ, ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಕೆಳಗಿಳಿದ.

ಒಂದೆರಡು ಗಂಟೆಯ ಕೆಲಸ ಚೆನ್ನಾಗಿಯೇ ಸಾಗಿತು. ಕೊನೆಯ ಬಾಗಿಲಿಗೆ ಉರುಳೆ ಕಡಿಮೆ ಬಿದ್ದಾಗ ಕೊಕ್ಕರೆ ಅವನನ್ನು ಹೊರಗೆ ನಿಲ್ಲಿಸಿದ್ದ ವ್ಯಾನಿಗೆ ಕಳಿಸಿದ. ಉರುಳೆಯ ಡಬ್ಬಿ ಹಿಡಿದು ವಾಪಸು ಬರುತ್ತ, ಕೆಳಮಹಡಿಯ ಬಾಗಿಲ ಬಳಿ ಅವನಿಗೊಂದು ಉತ್ಸಾಹ ಬಂತು. ಹೇಳಿಸಿಕೊಳ್ಳದೆ ಮಾಡಿದ ಕೆಲಸಕ್ಕೇ ಬೆಲೆ. ಮುಖ್ಯಸ್ಥೆ ಬರುವಷ್ಟರಲ್ಲಿ ಗುಂಡಿ ಕನ್ನಡಿಯಂತಿದ್ದರೆ? ಅವನು ಕೀಲಿ ಹಾಕಿ ಬಾಗಿಲು ಸರಿಸಿದ, ಕಬ್ಬಿಣದ ಏಣಿಯಲ್ಲಿ ಇಳಿದ, ಅತ್ತ ಹಾದುಹೋಗುವ ಮಕ್ಕಳು ಇಣುಕಿ ಬೀಳದಿರಲೆಂದು ಬಾಗಿಲನ್ನು ಒಳಗಿನಿಂದಲೇ ಎಳೆದು ಮುಚ್ಚಿದ. ಇಳಿದ ಕೂಡಲೇ ಏಣಿಯ ಪಕ್ಕದ ಕೆಂಪು ಸ್ಟಾಪ್ ಬಟನ್ ಒತ್ತಬೇಕಿತ್ತು. ಅದನ್ನು ಒತ್ತಿದರೆ ಮೇಲಿನವರು ಏನೇ ಮಾಡಲಿ ಲಿಫ್ಟಿನ ಪೆಟ್ಟಿಗೆ ಅಲುಗದು. ಆದರೆ ಕರೆಂಟೇ ಇಲ್ಲದ ಲಿಫ್ಟಿಗೆ ಅದೇಕೆ, ಸತ್ತ ಹಾವಿಗೆ ಮತ್ತೊಂದು ಏಟೇಕೆ? ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಅವನು ಎಣ್ಣೆ ಬಟ್ಟೆಗಳನ್ನು ಹೆಕ್ಕತೊಡಗಿದ. ಗುಂಡಿಯ ವಾಸನೆ ಎಲ್ಲ ಊರುಗಳಲ್ಲೂ ಒಂದೇ: ಎಣ್ಣೆ, ಧೂಳು, ತೇವ, ಯಾರೋ ಕಳಕೊಂಡ ನಾಣ್ಯದ ತುಕ್ಕು. ಪರದೇಶಕ್ಕೆ ಬಂದ ಮೇಲೆ ಮನೆಗೆ ಬಂದಂತೆ ಅನ್ನಿಸಿದ್ದು ಇಂಥ ಗುಂಡಿಗಳಲ್ಲೇ. ಅವನು ಸಣ್ಣಗೆ ಗುನುಗಿಕೊಂಡ ಕೂಡ.

ಕತ್ತಿನ ಹಿಂಭಾಗಕ್ಕೆ ಗಾಳಿ ತಾಗಿತು. ಗುಂಡಿಯಲ್ಲಿ ಗಾಳಿ ಬೀಸುವುದಿಲ್ಲ. ಮೇಲಿನಿಂದ ಯಾವುದಾದರೂ ಗಾಳಿಯನ್ನು ಕೆಳಕ್ಕೆ ತಳ್ಳಿದರೆ ಮಾತ್ರ ಅದು ಬೀಸುತ್ತದೆ. ಅವನು ತಲೆಯೆತ್ತಿದ. ಟಾರ್ಚಿನ ಬೆಳಕಿನಲ್ಲಿ ಪೆಟ್ಟಿಗೆಯ ಕಪ್ಪು ತಳ, ಆತುರವೇ ಇಲ್ಲದೆ, ಯಾರೋ ಹೊದಿಕೆ ಹೊದಿಸುತ್ತಿರುವಂತೆ ಇಳಿಯುತ್ತಿತ್ತು. ಕೂಗಿದನೋ ಇಲ್ಲವೋ ಅವನಿಗೆ ನೆನಪಿಲ್ಲ, ಬಾಯಲ್ಲಿ ಟಾರ್ಚಿತ್ತು. ನೆನಪಿರುವುದು ಇಷ್ಟೇ: ಕೆರೆಯ ನಡುಮಧ್ಯ, ಎರಡೂ ದಡ ಅಷ್ಟೇ ದೂರ, ಕಾಲ ಕೆಳಗೆ ತಳವಿಲ್ಲ, ಆಮೇಲೆ ಎಡಗೈ ಏಣಿಯ ಪಕ್ಕದ ಗೋಡೆಯನ್ನು ತಡಕಾಡುತ್ತ, ತಡಕಾಡುತ್ತ, ಆ ಉಬ್ಬಿದ ಬಟನ್ನನ್ನು ಮುಷ್ಟಿಯಿಂದ ಗುದ್ದಿದ್ದು. ಪೆಟ್ಟಿಗೆ ಜೋಲಿ ಹೊಡೆದು ನಿಂತಿತು. ಅವನು ಮೊಣಕಾಲೂರಿ ಕೂತಲ್ಲಿಂದ ಕೈ ಚಾಚಿದರೆ ಅದರ ತಳ ಸಿಗುತ್ತಿತ್ತು. ಸಿಗುತ್ತದೋ ಎಂದು ಅವನು ಕೈ ಚಾಚಿಯೂ ನೋಡಿದ, ಏಕೆಂದು ಕೇಳಿದರೆ ಹೇಳಲಾರ.

ಕೊಕ್ಕರೆ ಬಂದು ಬಾಗಿಲು ಸರಿಸಿ ಟಾರ್ಚು ಬಿಟ್ಟಾಗ ಅವನು ಕಂಡದ್ದು ಕೊಕ್ಕರೆಯ ಮುಖವನ್ನಲ್ಲ, ಮುಖ ಕಳೆದುಕೊಂಡ ಯಾರನ್ನೋ. ಹೊರಗೆ ಎಳೆದು ಹಾಕಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ನಿನ್ನ ಬೀಗ ಇರಲಿಲ್ಲ," ಎಂದ ಕೊಕ್ಕರೆ. "ಪೆಟ್ಟಿಗೆಯನ್ನು ಕೊನೆಯ ಬಾಗಿಲಿಗೆ ಇಳಿಸಲೆಂದು ಮೇಲೆ ಹೋದಾಗ ಒಂದೇ ಇತ್ತು. ನನ್ನದು. ನೀನು ವ್ಯಾನಿನ ಹತ್ತಿರ ಇದ್ದೀಯ, ನಿನ್ನದು ತೆಗೆದುಕೊಂಡು ಹೋಗಿದ್ದೀಯ ಅಂದುಕೊಂಡೆ. ಇಲ್ಲದ ಬೀಗವನ್ನು ನಾನು ಹೇಗೆ ನೋಡಲಿ?"

"ನಿಮ್ಮದಿತ್ತಲ್ಲ."

"ನನ್ನದು ನನಗೆ!" ಎಂದು ಕೊಕ್ಕರೆ ಕೂಗಿದ, ಮಹಡಿ ಮಹಡಿಗೂ ಅದು ಮಾರ್ದನಿಸಿತು. ಮೇಲೆಲ್ಲೋ ಒಂದು ಬಾಗಿಲು ತೆರೆದು, ಯಾರೋ ಕೇಳಿಸಿಕೊಂಡು, ಮತ್ತೆ ಮುಚ್ಚಿದರು. ಕೊಕ್ಕರೆ ದನಿ ತಗ್ಗಿಸಿದ. "ಕರೆಂಟು ಕೊಡುವ ಮೊದಲು ನಾನೂ ಕೂಗಿ ಕೇಳಬೇಕಿತ್ತು. ಕೇಳಲಿಲ್ಲ. ಇಬ್ಬರದೂ ತಪ್ಪು. ಯಾರೂ ನೋಡಿಲ್ಲ, ಯಾರಿಗೂ ಏನೂ ಆಗಿಲ್ಲ. ಮಧ್ಯಾಹ್ನ ನೀನು ಪಾಸಾಗುತ್ತೀಯ. ಆಮೇಲೆ ಬೇರೆ ಜೋಡಿ ಕೇಳಿಕೋ. ನಿನ್ನ ಜೊತೆ ನಾನಿನ್ನು ಕೆಲಸ ಮಾಡಲಾರೆ."

ಆ ಕೊನೆಯ ಮಾತನ್ನು ಕೊಕ್ಕರೆ ಸಿಟ್ಟಿನಿಂದ ಹೇಳಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಅದು ಭಯದಿಂದ ಬಂದ ಮಾತಾಗಿತ್ತು. ತಾನು ಅಷ್ಟು ಜತನದಿಂದ ಕಾಪಾಡಿದ ಗೌರವ ಎದುರಿನವನ ಪಾಲಿಗೆ ಕೊಲೆಗಾರನಾಗುವ ಭಯವಾಗಿ ತಲುಪಿತ್ತು. ನುಂಗಲಾರದ ಉಗುಳಲಾರದ ಈ ತುತ್ತನ್ನು ಬಾಯಲ್ಲಿಟ್ಟುಕೊಂಡು ಅವನು ರಸ್ತೆಗೆ ಬಂದ. ಬಿಸಿಲಿತ್ತು. ಒಬ್ಬಾಕೆ ಮಗುವಿನ ಟೋಪಿ ಸರಿಪಡಿಸುತ್ತಿದ್ದಳು. ಒಬ್ಬ ಬಸ್ಸಿಗಾಗಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಯಾವುದಕ್ಕೂ ಏನೂ ಆಗಿರಲಿಲ್ಲ. ಈಗಲೇ ಕೋಣೆಗೆ ಹೋದರೆ ಸೂಟ್‌ಕೇಸನ್ನು ಬರೇ ಹಿಡಿಯಿಂದ ಎಳೆದರೆ ಸಾಕು, ಕಟ್ಟುವುದೂ ಬೇಕಿಲ್ಲ. ಹೀಗೆಂದು ಹೊಳೆದದ್ದೇ ತಡ, ಇಷ್ಟು ದಿನ ಅದನ್ನೇಕೆ ಬಿಚ್ಚಲಿಲ್ಲವೆಂದು ಅವನಿಗೆ ಅರ್ಥವಾಗಿ, ಮೈಯೆಲ್ಲ ನಾಚಿಕೆಯಿಂದ ಸುಟ್ಟಿತು. ಯೋಚಿಸದೆ ಅವನು ಮನೆಗೆ ಫೋನು ಮಾಡಿದ.

"ಏನ್ರೀ, ಈ ಹೊತ್ತಿಗೆ?" ಎಂದಳು ಹೆಂಡತಿ. "ಪರೀಕ್ಷೆ ಆಯ್ತಾ?"

"ಇಲ್ಲ, ಇನ್ನೂ. ಸುಮ್ನೆ ಮಾಡ್ದೆ."

"ನೀವು ಸುಮ್ನೆ ಫೋನ್ ಮಾಡೋರಲ್ಲ. ಹುಷಾರಾಗಿದೀರಾ? ದನಿ ಯಾಕೋ ಕೆಳಗಿನಿಂದ ಬಂದ ಹಾಗಿದೆ."

"ರಸ್ತೇಲಿದೀನಿ. ಮಾವ ಇದಾರಾ? ಅವರಿಗೆ ಕೊಡು."

"ಹೂಂ, ನನ್ನ ಹತ್ರ ಮಾತಾಡೋಕೆ ಏನಿದೆ ನಿಮಗೆ. ಅಪ್ಪಾ, ತಗೋ, ನಿನ್ನ ಶಿಷ್ಯ."

ಮಾವ ಕುಂಟುತ್ತ ಬರುವ ಸದ್ದು ಅವನಿಗೆ ಫೋನಿನಲ್ಲೂ ಗುರುತು ಸಿಕ್ಕಿತು: ಒಂದು ಹೆಜ್ಜೆ ಭಾರ, ಒಂದು ಹಗುರ. ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಂದ ನಡಿಗೆ ಅದು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅದನ್ನು ಅಣಕಿಸಿ ತೋರಿಸಿ ಮಕ್ಕಳನ್ನು ನಗಿಸುತ್ತಿದ್ದವನು ಅವನೇ.

"ಏನೋ ಅರ್ಧದಾರಿ," ಎಂದರು ಮಾವ.

"ಮಾವ, ಒಂದು ಕೇಳ್ತೀನಿ. ನೀವು ಒಳಗೆ ಇದ್ದಾಗ ಯಾವತ್ತಾದ್ರೂ ಯಾರಾದ್ರೂ ಸ್ವಿಚ್ ಹಾಕಿದ್ರಾ?"

ಆಚೆ ಮಾವ ಕುರ್ಚಿ ಎಳೆದು ಕೂತ ಸದ್ದಾಯಿತು.

"ಯಾಕೆ ಕೇಳ್ತೀಯ?" ಎಂದರು ಮಾವ. ದನಿಯಲ್ಲಿ ಗೇಲಿ ಇರಲಿಲ್ಲ. "ಏನಾಯ್ತು ಅಲ್ಲಿ?"

"ಮೊದಲು ನೀವು ಹೇಳಿ."

"ಒಂದ್ಸಲ ಹಾಕಿದ್ರು."

"ಯಾರು?"

"ಬಿಡೋ, ಹಳೇ ಕಥೆ."

"ಯಾರು ಮಾವ?"

"ನೀನೇ ಕಣೋ." ಮಾವ ಉಸಿರೆಳೆದುಕೊಂಡರು. "ಕಸ ಗುಡಿಸೋಳು ಚಪ್ಪಲಿ ಪಕ್ಕಕ್ಕೆ ಸರಿಸಿದ್ಳು. ನೀನು ಬಂದೆ, ಚಪ್ಪಲಿ ಕಾಣ್ಲಿಲ್ಲ, ಹಾಕ್ದೆ. ನಾನು ಪೆಟ್ಟಿಗೆ ಮೇಲಿಂದ ಹಾರ್ಕೊಂಡೆ. ಮೆಟ್ಟಿಲೂ ಇಲ್ಲ, ಜಾರಿದ್ದೂ ಇಲ್ಲ."

ಬಸ್ಸೊಂದು ಬಂತು, ನಿಂತಿತು, ಹೋಯಿತು. ಗಡಿಯಾರ ನೋಡಿಕೊಳ್ಳುತ್ತಿದ್ದವನು ಅದರಲ್ಲಿ ಹತ್ತಿಹೋಗಿದ್ದ. ಮಕ್ಕಳ ಮುಂದೆ ಸೊಂಟ ಸೊಟ್ಟ ಮಾಡಿ, ಒಂದು ಹೆಜ್ಜೆ ಭಾರ ಒಂದು ಹಗುರ ಹಾಕಿ ಕುಣಿಯುವ ತಾನು, ಮೂಲೆಯಲ್ಲಿ ಕೂತು ಅದನ್ನು ನೋಡಿ ಎಲ್ಲರ ಜೊತೆ ನಗುವ ಮಾವ.

"ಹೇಳಲೇ ಇಲ್ವಲ್ಲ ಮಾವ," ಎಂದ.

"ಹೇಳಿದ್ರೆ ಆ ಕೆಲಸಾನೂ ಅರ್ಧಕ್ಕೆ ಬಿಟ್ಟು ಓಡ್ತಿದ್ದೆ. ಇದೊಂದಾದ್ರೂ ಪೂರ್ತಿ ಕಲೀಲಿ ಅಂತ ಬಾಯ್ಮುಚ್ಕೊಂಡೆ. ತಪ್ಪು ಮಾಡಿದ್ನೇನೋ. ಚಪ್ಪಲಿ ಸಾಲಲ್ಲ ಅಂತ ನನಗೆ ಆವತ್ತೇ ಗೊತ್ತಾಯ್ತು. ನಿನಗೆ ಹೇಳ್ದೆ ಬಿಟ್ಟೆ. ನಿನ್ನ ಮೈಯೆಲ್ಲ ಸರಿಯಾಗಿದೆ ತಾನೇ?"

"ಸರಿಯಾಗಿದೆ ಮಾವ."

"ಕೈಕಾಲು?"

"ಎಲ್ಲ ಇದೆ."

"ಹಾಗಾದ್ರೆ ಫೋನಿಟ್ಟು ಕೆಲಸ ನೋಡು. ನಿನ್ನ ಹೆಂಡ್ತಿಗೆ ನಾನು ಏನೋ ಒಂದು ಹೇಳ್ತೀನಿ."

"ನೀವು ಏನೂ ಹೇಳ್ಬೇಡಿ. ನಾನೇ ಹೇಳ್ತೀನಿ, ಸಂಜೆ, ಎಲ್ಲಾನೂ," ಎಂದು ಅವನು ಫೋನಿಟ್ಟ. ಮಾವನ ಮೌನ ಪ್ರೀತಿಯೇ ಎಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ಆ ಪ್ರೀತಿ ಇಷ್ಟು ವರ್ಷ ತಣ್ಣಗೆ ಕೂತಿದ್ದು, ಇಂದು ಬೆಳಿಗ್ಗೆ ಅವನ ತಲೆಯ ಮೇಲೆ ಹೊದಿಕೆಯ ಹಾಗೆ ಇಳಿದಿತ್ತು. ಈಗ ಕೊಕ್ಕರೆ ಅದೇ ಪ್ರೀತಿಯನ್ನು ಮತ್ತೆ ಕೊಡಲು ಬರುತ್ತಿದ್ದಾನೆ: ಯಾರೂ ನೋಡಿಲ್ಲ, ಯಾರಿಗೂ ಏನೂ ಆಗಿಲ್ಲ. ಅದನ್ನು ತೆಗೆದುಕೊಂಡರೆ ಎರಡು ವರ್ಷ ಇಲ್ಲಿರಬಹುದು. ಆದರೆ ಇದ್ದಷ್ಟು ದಿನವೂ, ಬಿಚ್ಚದ ಸೂಟ್‌ಕೇಸಿನ ಹಾಗೆ, ತಾನು ಇಲ್ಲಿಗೆ ಬಂದಿಲ್ಲವೆಂದೇ ಲೆಕ್ಕ.

ಅವನು ವಾಪಸು ಬಂದಾಗ ಮುಖ್ಯಸ್ಥೆ ಆಗಲೇ ಬಂದಿದ್ದರು. ಗಿಡ್ಡನೆಯ, ಬಿಳಿಕೂದಲಿನ, ಎಂದೂ ಕುರ್ಚಿಗೆ ಒರಗದ ಹೆಂಗಸು. ಕೊಕ್ಕರೆ ಅವರೆದುರು ನಿಂತು ಮಾತಾಡುತ್ತಿದ್ದ. ಇವನನ್ನು ಕಂಡು ಮಾತು ನಿಲ್ಲಿಸಿದ.

"ಇವರು ಎಲ್ಲ ಹೇಳಿದ್ದಾರೆ," ಎಂದರು ಮುಖ್ಯಸ್ಥೆ ಅವನಿಗೆ. "ಕೂಗಿ ಕೇಳದೆ ಕರೆಂಟು ಕೊಟ್ಟದ್ದು ತಮ್ಮ ತಪ್ಪು, ನಿಮ್ಮದೇನೂ ಇಲ್ಲ ಅಂತ. ನಿಜವೇ?"

ಕೊಕ್ಕರೆ ನೆಲ ನೋಡುತ್ತಿದ್ದ. ಯಾರೂ ನೋಡಿಲ್ಲವೆಂದವನು ಮುಚ್ಚಿಡಲಾರದೆ ಎಲ್ಲವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದ. ಜೊತೆಗೆ ಕೆಲಸ ಮಾಡಲಾರೆನೆಂದವನು ಬೀಳ್ಕೊಡುಗೆಯೆಂಬಂತೆ ಅವನನ್ನು ಪಾಸು ಮಾಡಿಸಿ ಕಳಿಸುತ್ತಿದ್ದ. ಒಂದು 'ಹೌದು' ಸಾಕಿತ್ತು. ಅವನು ಬಾಯಿ ತೆರೆದ. ಪರದೇಶದ ಪದಗಳು ಒಂದೊಂದಾಗಿ, ಹೊರೆಯ ಕಟ್ಟು ಬಿಚ್ಚಿ ಕಟ್ಟಿಗೆ ಉರುಳಿದಂತೆ ಹೊರಬಿದ್ದವು.

"ಇಲ್ಲ. ನಾನು ಬೀಗ ಹಾಕಲಿಲ್ಲ."

"ಮರೆತಿರಾ?"

"ಮರೆಯಲಿಲ್ಲ. ಕೈಯಲ್ಲಿ ಹಿಡಿದು ನಿಂತಿದ್ದೆ. ಹಾಕಲಿಲ್ಲ. ಇವತ್ತೊಂದೇ ದಿನವೂ ಅಲ್ಲ."

"ಏಕೆ?"

ಚಪ್ಪಲಿ, ಚಿಲ್ಲರೆ, ಮಾವ, ದುಂಡು ಕೆನ್ನೆಯ ನಗು. ಯಾವುದನ್ನು ಮೊದಲು ಹೇಳುವುದು? "ಇವರು ನನಗಿಂತ ಹಿರಿಯರು," ಎಂದ. "ನಾನು ಬೀಗ ಹಾಕಿದರೆ ಇವರ ಮೇಲೆ ನನಗೆ ನಂಬಿಕೆ ಇಲ್ಲ ಎಂದ ಹಾಗೆ. ಹಾಗೆಂದು ನನಗೆ ಅನ್ನಿಸುತ್ತಿತ್ತು."

ಕೊಕ್ಕರೆ ತಲೆಯೆತ್ತಿದ. ಮುಖ್ಯಸ್ಥೆ ಇವನನ್ನು ನೋಡಿದರು. ಆ ನೋಟದಲ್ಲಿ ಕರುಣೆಯಿರಲಿಲ್ಲ, ತಿರಸ್ಕಾರವೂ ಇರಲಿಲ್ಲ, ಸವೆದ ಉರುಳೆಯನ್ನು ತಿರುಗಿಸಿ ನೋಡುವ ಕಸುಬಿನ ಗಮನವಿತ್ತು.

"ಇವತ್ತು ನಿಮ್ಮನ್ನು ಪಾಸು ಮಾಡಲಾರೆ," ಎಂದರು. "ಇಂಥದ್ದಾದರೆ ವಾಪಸು ಕಳಿಸುವುದೇ ರೂಢಿ. ನಿಮ್ಮ ಊರಿನ ಟಿಕೀಟಿಗೆ ಕಂಪನಿ ವ್ಯವಸ್ಥೆ ಮಾಡುತ್ತದೆ."

ಅವನಿಗೇ ಅಚ್ಚರಿಯಾಗುವಂತೆ ಒಂದು ಹಟ ಅವನೊಳಗೆ ನೆಲ ಸಿಕ್ಕ ಕಾಲಿನ ಹಾಗೆ ಊರಿಕೊಂಡಿತು.

"ಪಾಸು ಮಾಡಬೇಡಿ. ಮೊದಲಿನಿಂದ ಶುರುಮಾಡುತ್ತೇನೆ. ಚೀಲ ಹೊರಿಸಿ, ಕಸ ಗುಡಿಸಲು ಹಚ್ಚಿ, ಮೊದಲ ದಿನ ಬಂದವನಿಗೆ ಏನು ಕೊಡುತ್ತೀರೋ ಅದು ಕೊಡಿ. ನಾನು ಹೋಗುವುದಿಲ್ಲ."

"ಅದು ನೀವು ತೀರ್ಮಾನಿಸುವ ಮಾತಲ್ಲ."

"ಹೌದು. ಆದರೆ ಗುಂಡಿ ಅರ್ಧ ಸ್ವಚ್ಛವಾಗಿದೆ. ಅದನ್ನು ಈಗ ಮುಗಿಸುತ್ತೇನೆ. ತೀರ್ಮಾನ ಅದಾದ ಮೇಲೆ ಮಾಡಿ."

"ಹೆದರಿದವರನ್ನು ಅದೇ ದಿನ ಮತ್ತೆ ಇಳಿಸುವುದಿಲ್ಲ. ಮನೆಗೆ ಹೋಗಿ ಮಲಗಿ."

"ಇವತ್ತು ಇಳಿಯದಿದ್ದರೆ ನಾನು ಇನ್ನೆಂದೂ ಇಳಿಯುವುದಿಲ್ಲ," ಎಂದ ಅವನು. "ನನ್ನನ್ನು ನಾನು ಬಲ್ಲೆ. ಈಗ ಆ ಕೋಣೆಗೆ ಹೋದರೆ, ನೀವು ಟಿಕೀಟು ತೆಗೆಸುವ ಮೊದಲೇ ನಾನು ಹೋಗಿಬಿಟ್ಟಿರುತ್ತೇನೆ."

ಮೇಲಿನ ಮಹಡಿಯಿಂದ ಒಬ್ಬ ಮುದುಕ, ಲಿಫ್ಟು ಇಲ್ಲದ್ದಕ್ಕೆ ಎಲ್ಲರನ್ನೂ ಶಪಿಸುತ್ತ, ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದು, ಮೂವರನ್ನೂ ಒಮ್ಮೆ ದುರುಗುಟ್ಟಿ ನೋಡಿ ಹೊರಗೆ ಹೋದ. ಮುಖ್ಯಸ್ಥೆ ಕೊಕ್ಕರೆಯ ಕಡೆ ತಿರುಗಿದರು.

"ನೀವೇನು ಹೇಳುತ್ತೀರಿ? ಮೇಲೆ ಸ್ವಿಚ್ಚಿನ ಹತ್ತಿರ ಇರುವವರು ನೀವು."

"ಬೀಗ ಹಾಕುತ್ತಾನಾದರೆ," ಎಂದ ಕೊಕ್ಕರೆ.

"ಹಾಗಾದರೆ ನಾನು ಗುಂಡಿಯ ಬಾಗಿಲಲ್ಲಿ ನಿಂತಿರುತ್ತೇನೆ," ಎಂದರು ಮುಖ್ಯಸ್ಥೆ. "ಮುಗಿಸಿ. ನಾಳೆ ನಿಮಗೆ ಮೊದಲ ದಿನ. ಮೂರು ತಿಂಗಳು ಪೂರ್ತಿ, ಹೊಸಬರ ಸಂಬಳ, ಹೊಸಬರ ಕೆಲಸ. ಮಧ್ಯೆ ಇನ್ನೊಂದು ಸಲ ಹೀಗಾದರೆ ನನ್ನ ಮುಂದೆ ನಿಲ್ಲಬೇಡಿ." ಕೊಕ್ಕರೆಗೆ, "ನಿಮ್ಮ ವಿಷಯ ನಾಳೆ ಆಫೀಸಿನಲ್ಲಿ."

ಇಬ್ಬರೂ ಆರು ಮಹಡಿ ಹತ್ತಿದರು, ಮುಂದೆ ಕೊಕ್ಕರೆ, ಹಿಂದೆ ಅವನು. ಯಾರೂ ಯಾರ ಚೀಲವನ್ನೂ ಹೊರಲಿಲ್ಲ. ಮೋಟಾರು ಕೋಣೆಯಲ್ಲಿ ಕೊಕ್ಕರೆ ಸ್ವಿಚ್ಚು ಇಳಿಸಿ ತನ್ನ ಬೀಗ ಹಾಕಿ ಪಕ್ಕಕ್ಕೆ ಸರಿದು ನಿಂತ. ಈ ಸಲ ಮೆಟ್ಟಿಲಿಳಿಯಲಿಲ್ಲ. ಅವನು ತನ್ನದನ್ನು ತೆಗೆದು ಪಕ್ಕದ ತೂತಿಗೆ ಹಾಕಿ ಒತ್ತಿದ. ಟಕ್ಕೆಂದಿತು. ಎರಡು ಮುಖಗಳು ಅಕ್ಕಪಕ್ಕದಲ್ಲಿ ತೂಗಿದವು, ನಗುವ ಮುಖ ಮತ್ತು ಸಿಕ್ಕಿಬಿದ್ದ ಮುಖ. ಇಷ್ಟಕ್ಕೆ ನಿಯಮದ ಕೆಲಸ ಮುಗಿದಿತ್ತು. ಅವನಿಗೆ ಮುಗಿದಿರಲಿಲ್ಲ. ಕೈ ಮುಂದೆ ಹೋಗಲು ಒಪ್ಪಲಿಲ್ಲ. ಹಿರಿಯರ ಎಲೆಗೆ ಕೈ ಹಾಕಬಾರದೆಂದು ತೊಟ್ಟಿಲಲ್ಲೇ ಕಲಿತ ಕೈ. ಅದನ್ನು ಅವನು ಬಲವಂತವಾಗಿ ಚಾಚಿ, ಕೊಕ್ಕರೆಯ ಕಣ್ಣೆದುರೇ, ಕೊಕ್ಕರೆಯ ಬೀಗವನ್ನು ಹಿಡಿದು ಜಗ್ಗಿದ. ಸಾಲದೆಂದು ಇನ್ನೊಮ್ಮೆ, ಜೋರಾಗಿ, ಕಬ್ಬಿಣ ಕಬ್ಬಿಣಕ್ಕೆ ಬಡಿಯುವಂತೆ. ಕಿವಿಯವರೆಗೆ ಬಿಸಿಯೇರಿತು.

ಕೊಕ್ಕರೆ ನೋಡುತ್ತ ನಿಂತಿದ್ದ. ಆಮೇಲೆ ಮುಂದೆ ಬಂದು ಅವನ ಬೀಗವನ್ನು ಹಾಗೆಯೇ ಎರಡು ಸಲ ಜಗ್ಗಿದ.

"ಗಟ್ಟಿಯಿದೆ," ಎಂದ ಕೊಕ್ಕರೆ.

"ನಿಮ್ಮದೂ," ಎಂದ ಅವನು.

ಮೆಟ್ಟಿಲ ಬಾಯಿಗೆ ಬಂದಾಗ ಅವನು ತನ್ನ ಬೀಗದ ಕೀಲಿಯನ್ನು ಜೇಬಿನಲ್ಲಿ ಮುಟ್ಟಿ ನೋಡಿಕೊಂಡ. ಆಮೇಲೆ ಮುಖ್ಯಸ್ಥೆ ಕಾಯುತ್ತಿದ್ದ ಗುಂಡಿಯತ್ತ ಇಳಿಯತೊಡಗಿದ.